ಜಮಾ ಬಟನ್ ಒಮ್ಮೆ ಒತ್ತಿದರೆ ಒಮ್ಮೆಯೇ ಜಮಾ ಆಗಬೇಕಾದರೆ

ಸಂಜೆ ಐದೂಕಾಲಿಗೆ ಫೋನ್ ಬಂದರೆ, ಎತ್ತುವ ಮೊದಲೇ ವಿಷಯ ಗೊತ್ತಿರುತ್ತದೆ: ನಗದು ತಾಳೆಯಾಗುತ್ತಿಲ್ಲ. ಮಲೆನಾಡಿನ ಒಂದು ಪತ್ತಿನ ಸಹಕಾರ ಸಂಘಕ್ಕೆ ತಂತ್ರಾಂಶ ಬರೆದುಕೊಟ್ಟು, ಅದನ್ನು ಸಾಕಿಕೊಂಡು ಬಂದು ನನಗೆ ಹನ್ನೊಂದು ವರ್ಷವಾಯಿತು. ಆ ದಿನ ಕ್ಯಾಷಿಯರ್ ಹೇಳಿದ್ದು ಇಷ್ಟು: "ಮೇಡಂ, 1174ನೇ ಖಾತೆಗೆ ಎರಡು ಸಾವಿರ ಕಟ್ಟಿಸಿಕೊಂಡೆ. ರಸೀದಿ ಎರಡು ಹುಟ್ಟಿವೆ. ನಾನು ಬಟನ್ ಒತ್ತಿದ್ದು ಒಂದೇ ಸಲ." ಆಷಾಢದ ಮಳೆ, ಇಂಟರ್ನೆಟ್ ತೆವಳುತ್ತಿತ್ತು. ಒಂದೇ ಸಲ ಒತ್ತಿರಲಿಕ್ಕಿಲ್ಲ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ತಪ್ಪು ಅವರದಲ್ಲ. ಎರಡು ಸಲ ಒತ್ತಿದರೆ ಎರಡು ರಸೀದಿ ಹೆರುವ ಬಟನ್ ಬರೆದವಳು ನಾನು.

ಆ ಒಂದು ಬಟನ್ ಇಟ್ಟುಕೊಂಡೇ ವಿಷಯ ಹೇಳುತ್ತೇನೆ. ತಂತ್ರಾಂಶ ಇರುವುದು ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್‌ನಲ್ಲಿ, ಭಾಷೆ ಸಿ ಶಾರ್ಪ್. 2002ರಲ್ಲಿ ಬಂದ ವ್ಯವಸ್ಥೆ. ಹೊಸ ಹುಡುಗರು ಮೂಗು ಮುರಿಯುತ್ತಾರೆ. ಆದರೆ ಮೊದಲ ಕೆಲಸಕ್ಕೆ ಸೇರಿದ ದಿನ ಅವರ ಕೈಗೆ ಬಂದು ಬೀಳುವುದು ಎಷ್ಟೋ ಸಲ ಇಂಥದೇ ಒಂದು ಹಳೆಯ ಪುಟ. ಉದಾಹರಣೆಗಳಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಇಟ್ಟಿದ್ದೇನೆ. ಸಿ ಶಾರ್ಪ್ ಇದನ್ನು ನಿಜವಾಗಿಯೂ ಒಪ್ಪುತ್ತದೆ. 'ಮೊತ್ತ' ಎಂಬ ಹೆಸರಿನ ಚರಾಂಶ ಬರೆದು ನೋಡಿ, ತಕರಾರಿಲ್ಲದೆ ಓಡುತ್ತದೆ.

ಬಟನ್ ಇಡುವ ಕೆಲಸ ಎರಡು ನಿಮಿಷದ್ದು. ಪುಟದ ಕಡತದಲ್ಲಿ ಒಂದು ಬಟನ್ ಬರೆದು ಅದಕ್ಕೆ ನಾಲ್ಕು ಗುಣ ಕೊಡಬೇಕು: ಐಡಿ 'ಜಮಾ', ಮೇಲೆ ಕಾಣುವ ಟೆಕ್ಸ್ಟ್ 'ಜಮಾ ಮಾಡಿ', ರನ್‌ಅಟ್ ಎಂದರೆ 'ಸರ್ವರ್', ಮತ್ತು ಆನ್‌ಕ್ಲಿಕ್ ಎಂದರೆ 'ಜಮಾ_ಕ್ಲಿಕ್'. ಹಿಂಬದಿಯ ಸಿ ಶಾರ್ಪ್ ಕಡತದಲ್ಲಿ ಅದೇ 'ಜಮಾ_ಕ್ಲಿಕ್' ಹೆಸರಿನ ಮೆಥಡ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡು, ಇರಬೇಕು. ಅದು ಏನನ್ನೂ ಹಿಂದಿರುಗಿಸುವುದಿಲ್ಲ, ಎರಡು ವಸ್ತುಗಳನ್ನು ತೆಗೆದುಕೊಳ್ಳುತ್ತದೆ: ಕಳುಹಿಸಿದವರು ಯಾರು ಎಂಬ ಸೆಂಡರ್, ಮತ್ತು ಇಲ್ಲಿ ಬಹುಮಟ್ಟಿಗೆ ಖಾಲಿಯೇ ಇರುವ ಈವೆಂಟ್‌ಆರ್ಗ್ಸ್. ವಿಷುಯಲ್ ಸ್ಟುಡಿಯೋದ ವಿನ್ಯಾಸ ಪರದೆಯಲ್ಲಿ ಬಟನ್ ಮೇಲೆ ಎರಡು ಸಲ ಒತ್ತಿದರೆ ಇದೆಲ್ಲ ತಾನಾಗಿ ಬರೆದುಕೊಳ್ಳುತ್ತದೆ. ತೊಂದರೆ ಶುರುವಾಗುವುದೂ ಆ ಸುಲಭದಿಂದಲೇ. ಕ್ಲಿಕ್ ಆಯಿತು, ಮೆಥಡ್ ಓಡಿತು. ಬಟನ್ನೂ ಮೆಥಡ್ಡೂ ಒಂದೇ ಕೋಣೆಯಲ್ಲಿವೆ ಎಂದು ನಂಬಿಬಿಡುತ್ತೇವೆ.

ನಿಜಕ್ಕೂ ಕ್ಲಿಕ್ ಎಂಬುದು ಸರ್ವರ್‌ಗೆ ಬರುವುದೇ ಇಲ್ಲ. ಬರುವುದು ಒಂದು ಅರ್ಜಿ.

ನೋಡಬೇಕೆಂದರೆ ಪುಟವನ್ನು ಕ್ರೋಮ್‌ನಲ್ಲಿ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಎಂಬಲ್ಲಿಗೆ ಹೋಗಿ, ಆಮೇಲೆ ಜಮಾ ಬಟನ್ ಒತ್ತಿ. ಪುಟದ ಹೆಸರಿನ ಸಾಲೊಂದು ಮೂಡುತ್ತದೆ. ಅದನ್ನು ತೆರೆದು ಪೇಲೋಡ್ ನೋಡಿದರೆ ಹೀಗೆ ಕಾಣುತ್ತದೆ:

__ವ್ಯೂಸ್ಟೇಟ್ : ಅರ್ಥವಾಗದ ಉದ್ದನೆಯ ಅಕ್ಷರಮಾಲೆ
ಖಾತೆ : 1174
ಮೊತ್ತ : 2000
ಜಮಾ : ಜಮಾ ಮಾಡಿ

ಕೊನೆಯ ಸಾಲೇ ನಿಮ್ಮ ಕ್ಲಿಕ್. ಪುಟದಲ್ಲಿ ಐದು ಬಟನ್ ಇದ್ದರೂ ಒತ್ತಿದ ಒಂದರ ಹೆಸರು ಮಾತ್ರ ಅರ್ಜಿಯಲ್ಲಿ ಹೋಗುತ್ತದೆ. ಸರ್ವರ್ ಅರ್ಜಿಯನ್ನು ಬಿಡಿಸಿ 'ಜಮಾ ಎಂಬ ಹೆಸರು ಬಂದಿದೆ, ಅಂದರೆ ಜಮಾ ಬಟನ್ ಒತ್ತಿದ್ದಾರೆ' ಎಂದು ಊಹಿಸಿ ನಿಮ್ಮ ಮೆಥಡ್ಡನ್ನು ಕರೆಯುತ್ತದೆ. ಪುಟಕ್ಕೆ ಮಾಸ್ಟರ್ ಪೇಜ್ (ಹಲವು ಪುಟಗಳಿಗೆ ಸಮಾನವಾದ ಚೌಕಟ್ಟು) ಇದ್ದರೆ ಹೆಸರಿನ ಮುಂದೆ ಡಾಲರ್ ಚಿಹ್ನೆಗಳಿಂದ ಜೋಡಿಸಿದ ಉದ್ದದ ವಂಶಾವಳಿ ಇರುತ್ತದೆ; ಗಾಬರಿ ಬೇಡ. ಲಿಂಕಿನಂತೆ ಕಾಣುವ ಲಿಂಕ್‌ಬಟನ್ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಅದು ನಿಜವಾದ ಬಟನ್ ಅಲ್ಲದ ಕಾರಣ ಜಾವಾಸ್ಕ್ರಿಪ್ಟ್ ಮೂಲಕ __ಈವೆಂಟ್‌ಟಾರ್ಗೆಟ್ ಎಂಬ ಅಡಗಿದ ಕ್ಷೇತ್ರದಲ್ಲಿ ತನ್ನ ಹೆಸರು ಬರೆದು ಫಾರ್ಮನ್ನು ಕಳುಹಿಸುತ್ತದೆ. ಈ ವ್ಯತ್ಯಾಸ ಮುಂದೆ ನಮ್ಮ ಪ್ರಾಣ ಉಳಿಸಲಿದೆ.

ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಗುಮಾಸ್ತರಿಗೆ ನಿಮ್ಮ ಮುಖ ನೆನಪಿರುವುದಿಲ್ಲ. ಐದು ನಿಮಿಷದ ಹಿಂದೆ ಪುಟ ಕಟ್ಟಿಕೊಟ್ಟ ವಸ್ತು ಆಗಲೇ ಸತ್ತುಹೋಗಿದೆ. ಪ್ರತಿ ಕ್ಲಿಕ್ಕಿಗೂ ಪುಟ ಮೊದಲಿನಿಂದ ಹುಟ್ಟುತ್ತದೆ. ನಿಮ್ಮ ಕ್ಲಾಸ್‌ನಲ್ಲಿ ಒಂದು ಎಣಿಕೆ ಇಟ್ಟು ಪ್ರತಿ ಕ್ಲಿಕ್ಕಿಗೆ ಒಂದು ಕೂಡಿಸಿ ನೋಡಿ. ಎಷ್ಟು ಒತ್ತಿದರೂ ಒಂದೇ ತೋರಿಸುತ್ತದೆ. ಹಿಂದಿನದು ನೆನಪಿರಲಿ ಎಂದೇ ವ್ಯೂಸ್ಟೇಟ್ ಇರುವುದು. ಅದು ಕಚೇರಿ ಮುದ್ರೆ ಒತ್ತಿ ನಿಮ್ಮ ಕೈಯಲ್ಲೇ ಕೊಟ್ಟು ಕಳುಹಿಸಿದ ಚೀಟಿ, ಮುಂದಿನ ಸಲ ಬರುವಾಗ ತರಬೇಕು. ತಿದ್ದಿದರೆ ಮುದ್ರೆ ಒಡೆದದ್ದು ಗೊತ್ತಾಗುತ್ತದೆ, ಆದರೆ ಓದಲು ಯಾರಿಗೂ ಅಡ್ಡಿಯಿಲ್ಲ. ಆದ್ದರಿಂದ ಗುಟ್ಟಿನ ವಿಷಯವನ್ನು ಅದರಲ್ಲಿ ಇಡಬೇಡಿ.

ಹೀಗೆ ಹುಟ್ಟಿದ ಪುಟ ಒಂದು ಕ್ರಮದಲ್ಲಿ ಬೆಳೆಯುತ್ತದೆ. ಮೊದಲು ಇನಿಟ್, ಪುಟದ ಭಾಗಗಳು ಸಿದ್ಧವಾಗುವ ಹಂತ. ಆಮೇಲೆ ವ್ಯೂಸ್ಟೇಟ್ ಚೀಟಿಯಲ್ಲಿದ್ದದ್ದನ್ನು ತುಂಬುವುದು, ಅರ್ಜಿಯಲ್ಲಿ ಬಂದ ಬೆಲೆಗಳನ್ನು ಪೆಟ್ಟಿಗೆಗಳಿಗೆ ಹಾಕುವುದು. ಆಮೇಲೆ ಪೇಜ್_ಲೋಡ್. ನಂತರ ಬೆಲೆ ಬದಲಾದದ್ದನ್ನು ಹೇಳುವ ಟೆಕ್ಸ್ಟ್‌ಚೇಂಜ್ಡ್‌ನಂಥ ಈವೆಂಟ್‌ಗಳು. ಇಷ್ಟೆಲ್ಲ ಆದ ಮೇಲೆ ಕ್ಲಿಕ್. ಕೊನೆಗೆ ಪ್ರೀರೆಂಡರ್, ಪುಟ ಬರೆದು ಕಳುಹಿಸುವುದು. ಇದರಲ್ಲಿ ಒಂದನ್ನು ಗೋಡೆಗೆ ಅಂಟಿಸಿಕೊಳ್ಳಿ: ಪೇಜ್_ಲೋಡ್ ಮೊದಲು, ಕ್ಲಿಕ್ ಆಮೇಲೆ.

ಇದನ್ನು ನಾನು ಕಲಿತದ್ದು ಸದಸ್ಯರ ವಿಳಾಸ ತಿದ್ದುವ ಪುಟದಲ್ಲಿ. ವಿಳಾಸ ಬದಲಿಸಿ 'ಉಳಿಸಿ' ಒತ್ತಿದರೆ 'ಉಳಿಸಲಾಗಿದೆ' ಎಂಬ ಸಂದೇಶ ಬರುತ್ತಿತ್ತು, ವಿಳಾಸ ಮಾತ್ರ ಹಳೆಯದೇ. ಎರಡು ದಿನ ಎಸ್‌ಕ್ಯೂಎಲ್ ಸಾಲನ್ನು ಬೈದೆ. ಅದರ ತಪ್ಪೇ ಇರಲಿಲ್ಲ. ಪೇಜ್_ಲೋಡ್‌ನಲ್ಲಿ ಡೇಟಾಬೇಸ್‌ನಿಂದ ವಿಳಾಸ ತಂದು ಪೆಟ್ಟಿಗೆಗೆ ತುಂಬಿಸುತ್ತಿದ್ದೆ. ಅರ್ಜಿಯಲ್ಲಿ ಬಂದ ಹೊಸ ವಿಳಾಸ ಪೆಟ್ಟಿಗೆಗೆ ಬಂದು ಕೂತ ಮೇಲೆ ನಾನೇ ಹೋಗಿ ಅದರ ಮೇಲೆ ಹಳೆಯದನ್ನು ಬರೆದಿದ್ದೆ. ಕ್ಲಿಕ್ ಬಂದಾಗ ಆ ಹಳೆಯದನ್ನೇ ಶ್ರದ್ಧೆಯಿಂದ ಉಳಿಸುತ್ತಿತ್ತು. ಪುಟ ಮೊದಲ ಸಲ ತೆರೆದಾಗ ಮಾತ್ರ ತುಂಬಿಸಬೇಕು, ಅಂದರೆ ಆ ಕೆಲಸವೆಲ್ಲ 'ಈಸ್‌ಪೋಸ್ಟ್‌ಬ್ಯಾಕ್ ಅಲ್ಲದಿದ್ದರೆ' (ಬಟನ್ ಒತ್ತಿ ಮರಳಿ ಬಂದ ಪುಟವಲ್ಲದಿದ್ದರೆ) ಎಂಬ ಷರತ್ತಿನ ಒಳಗೆ ಇರಬೇಕು. ಆಯ್ಕೆಪಟ್ಟಿಯಲ್ಲಿ ಏನು ಆರಿಸಿದರೂ ಮೊದಲನೆಯದೇ ಉಳಿಯುತ್ತದೆ ಎಂಬ ದೂರಿಗೂ ಇದೇ ಮದ್ದು.

ಈಗ 'ಜಮಾ_ಕ್ಲಿಕ್' ಒಳಗೆ ಏನಿರಬೇಕು? ಮೊದಲ ಸಾಲು ಪೇಜ್ ಡಾಟ್ ಈಸ್‌ವ್ಯಾಲಿಡ್ ನಿಜವೇ ಎಂಬ ಪರೀಕ್ಷೆ. ಪುಟದಲ್ಲಿ ವ್ಯಾಲಿಡೇಟರ್‌ಗಳನ್ನು (ತುಂಬಿದ್ದು ಸರಿಯೇ ಎಂದು ನೋಡುವ ಕಾವಲುಗಾರರನ್ನು) ಇಟ್ಟಿದ್ದೇನಲ್ಲ ಎಂದು ಇದನ್ನು ಬಿಡುವವರು ಬಹಳ. ಸರ್ವರ್ ವ್ಯಾಲಿಡೇಟರ್‌ಗಳನ್ನು ಓಡಿಸುತ್ತದೆ, ಸರಿ. ಆದರೆ ತಪ್ಪು ಸಿಕ್ಕಿತೆಂದು ನಿಮ್ಮ ಮೆಥಡ್ಡನ್ನು ತಡೆಯುವುದಿಲ್ಲ. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಆರಿದ್ದರೆ ಖಾಲಿ ಮೊತ್ತವೂ ನೇರ ಒಳಗೆ ಬರುತ್ತದೆ. ಅದೇ ಪುಟದ 'ರದ್ದು' ಬಟನ್ನಿಗೆ ಕಾಸಸ್‌ವ್ಯಾಲಿಡೇಷನ್ ಎಂಬುದನ್ನು ಫಾಲ್ಸ್ ಮಾಡಿ. ಇಲ್ಲದಿದ್ದರೆ ಹೊರಗೆ ಹೋಗಬೇಕೆಂದವರಿಗೂ ಮೊತ್ತ ತುಂಬಿ ಎಂದು ಗದರುತ್ತದೆ.

ಎರಡನೆಯದು ಮೊತ್ತವನ್ನು ಸಂಖ್ಯೆಯಾಗಿಸುವುದು. ಡೆಸಿಮಲ್ ಡಾಟ್ ಟ್ರೈಪಾರ್ಸ್ ಬಳಸಿ. ಬರೀ ಪಾರ್ಸ್ ಆದರೆ ತಪ್ಪು ಅಕ್ಷರ ಸಿಕ್ಕ ಕೂಡಲೇ ಪುಟ ಕುಸಿಯುತ್ತದೆ. ಇಲ್ಲೊಂದು ನಮ್ಮದೇ ಸಂಕಟ ಇದೆ. ಒಬ್ಬರು ಕನ್ನಡ ಕೀಲಿಮಣೆಯಲ್ಲೇ ೨೦೦೦ ಎಂದು ಹೊಡೆದರು. ಒಂದೊಂದು ಅಕ್ಷರವನ್ನೂ ಚಾರ್ ಡಾಟ್ ಈಸ್‌ಡಿಜಿಟ್‌ನಿಂದ ಪರೀಕ್ಷಿಸಿದ್ದೆ, ಅದು ಎಲ್ಲವನ್ನೂ ಅಂಕಿ ಎಂದೇ ಒಪ್ಪಿತು. ಮುಂದಿನ ಸಾಲಿನ ಪಾರ್ಸ್ ಒಪ್ಪಲಿಲ್ಲ. ಕನ್ನಡ ಅಂಕಿ ಅಂಕಿಯೇ ಎಂದು ಡಾಟ್ ನೆಟ್‌ಗೆ ಗೊತ್ತು, ಅದನ್ನು ಎಣಿಸಲು ಮಾತ್ರ ಬರುವುದಿಲ್ಲ. ಈಗ ಪಾರ್ಸ್ ಮಾಡುವ ಮೊದಲು ೦ಯಿಂದ ೯ರವರೆಗಿನ ಪ್ರತಿ ಅಂಕಿಯನ್ನೂ 0ಯಿಂದ 9ಕ್ಕೆ ಬದಲಿಸುವ ನಾಲ್ಕು ಸಾಲಿನ ಮೆಥಡ್ ಇಟ್ಟಿದ್ದೇನೆ.

ಮೂರನೆಯದು ಡೇಟಾಬೇಸ್‌ಗೆ ಬರೆಯುವುದು. ರಸೀದಿಯ ಸಾಲು ಮತ್ತು ಖಾತೆಯ ಶಿಲ್ಕು ಒಂದೇ ವಹಿವಾಟಿನಲ್ಲಿ ಸೇರಬೇಕು. ಒಂದು ಆಗಿ ಇನ್ನೊಂದು ಆಗದಿದ್ದರೆ ಲೆಕ್ಕಪರಿಶೋಧಕರ ಮುಂದೆ ಕೂರುವುದು ನೀವಲ್ಲ, ಸಂಘದ ಕಾರ್ಯದರ್ಶಿ. ಬಳಕೆದಾರರು ಹೊಡೆದದ್ದನ್ನು ಎಸ್‌ಕ್ಯೂಎಲ್ ವಾಕ್ಯಕ್ಕೆ ಅಂಟಿಸದೆ ಪ್ಯಾರಾಮೀಟರ್ ಆಗಿ ಕೊಡಿ. ಹೆಸರಿನ ಕಾಲಂ ಎನ್‌ವಾರ್‌ಚಾರ್ (ಯೂನಿಕೋಡ್ ಅಕ್ಷರ ಹಿಡಿಯುವ ಬಗೆ) ಆಗಿರಲಿ. ವಾರ್‌ಚಾರ್ ಇಟ್ಟು ಕನ್ನಡ ಹೆಸರು ಉಳಿಸಿದರೆ ಪಾಸ್‌ಬುಕ್ಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮುದ್ರಣವಾಗುತ್ತದೆ. ನಾನು ಆ ಪಾಸ್‌ಬುಕ್ ನೋಡಿದ್ದೇನೆ.

ಕೊನೆಯದು ರೀಡೈರೆಕ್ಟ್. ಜಮಾ ಆದ ಮೇಲೆ ಅದೇ ಪುಟದಲ್ಲಿ 'ಜಮಾ ಆಗಿದೆ' ಎಂದು ತೋರಿಸಿ ನಿಲ್ಲಬೇಡಿ. ಅಲ್ಲಿ ಎಫ್5 ಒತ್ತಿದರೆ ಬ್ರೌಸರ್ ಹಿಂದಿನ ಅರ್ಜಿಯನ್ನೇ ಮತ್ತೆ ಕಳುಹಿಸುತ್ತದೆ. ಎಚ್ಚರಿಕೆಯ ಪೆಟ್ಟಿಗೆ ಬರುವುದು ನಿಜ, ಕೌಂಟರಿನ ಮುಂದೆ ಹತ್ತು ಜನ ನಿಂತಿರುವಾಗ ಅದನ್ನು ಓದುವವರು ಯಾರು? ರೆಸ್ಪಾನ್ಸ್ ಡಾಟ್ ರೀಡೈರೆಕ್ಟ್‌ನಿಂದ ರಸೀದಿಯ ಪುಟಕ್ಕೆ ಕಳುಹಿಸಿಬಿಟ್ಟರೆ ಆಮೇಲೆ ಎಷ್ಟು ಸಲ ಎಫ್5 ಒತ್ತಿದರೂ ರಸೀದಿಯೇ ಮತ್ತೆ ಕಾಣುತ್ತದೆ. ಟ್ರೈ ಕ್ಯಾಚ್ ಒಳಗೆ ಇದನ್ನು ಇಡುವವರು ಎರಡನೆಯ ಆರ್ಗ್ಯುಮೆಂಟ್ ಫಾಲ್ಸ್ ಕೊಟ್ಟು, ಮುಂದಿನ ಸಾಲಿನಲ್ಲಿ ಕಂಪ್ಲೀಟ್‌ರಿಕ್ವೆಸ್ಟ್ ಕರೆಯಲಿ. ಇಲ್ಲವಾದರೆ ಥ್ರೆಡ್‌ಅಬಾರ್ಟ್ ಎಂಬ ಎಕ್ಸೆಪ್ಷನ್ ಏಳುತ್ತದೆ. ನನ್ನ ದೋಷಗಳ ದಾಖಲೆಯಲ್ಲಿ ಒಂದು ವರ್ಷ ಕಾಲ ಸರಿಯಾಗಿ ಆದ ಪ್ರತಿ ಜಮಾವೂ ದೋಷವೆಂದೇ ನಮೂದಾಗಿತ್ತು.

ಇನ್ನು ಎರಡು ರಸೀದಿಯ ಕಥೆ. ಮೊದಲ ಒತ್ತಿಗೆ ಅರ್ಜಿ ಹೊರಟಿತು, ಉತ್ತರ ಬರಲಿಲ್ಲ. ಎರಡನೆಯ ಒತ್ತಿಗೆ ಇನ್ನೊಂದು ಹೊರಟಿತು. ಬ್ರೌಸರ್ ಮೊದಲನೆಯ ಉತ್ತರಕ್ಕೆ ಕಾಯುವುದನ್ನು ಬಿಟ್ಟಿತು. ಸರ್ವರ್ ಮಾತ್ರ ಬಿಡಲಿಲ್ಲ. ಒಂದೇ ಸೆಷನ್ನಿನ, ಅಂದರೆ ಒಬ್ಬರೇ ಬಳಕೆದಾರರ ಒಂದೇ ಭೇಟಿಯ, ಅರ್ಜಿಗಳಾದ್ದರಿಂದ ಎರಡನ್ನೂ ಸಾಲಾಗಿ ನಿಲ್ಲಿಸಿ, ಒಂದಾದ ಮೇಲೊಂದು ಜಮಾ ಮಾಡಿತು.

ಎಲ್ಲರಿಗೂ ಮೊದಲು ಹೊಳೆಯುವುದು ಒತ್ತಿದ ಕೂಡಲೇ ಬಟನ್ನನ್ನು ನಿಷ್ಕ್ರಿಯ ಮಾಡುವುದು. ನಾನೂ ಬ್ರೌಸರ್‌ನಲ್ಲೇ ಓಡುವ ಆನ್‌ಕ್ಲೈಂಟ್‌ಕ್ಲಿಕ್‌ನಲ್ಲಿ 'ಡಿಸೇಬಲ್ಡ್ ನಿಜ' ಎಂದು ಬರೆದೆ. ಎರಡು ರಸೀದಿ ಬರುವುದು ನಿಂತಿತು, ಒಂದು ಬರುವುದೂ ನಿಂತಿತು! ಅರ್ಜಿಯ ಕೊನೆಯ ಸಾಲು ನೆನಪಿಸಿಕೊಳ್ಳಿ. ನಿಷ್ಕ್ರಿಯವಾದ ಬಟನ್ನಿನ ಹೆಸರನ್ನು ಬ್ರೌಸರ್ ಅರ್ಜಿಯಲ್ಲಿ ಸೇರಿಸುವುದಿಲ್ಲ. ಕೆಲವು ಬ್ರೌಸರ್‌ಗಳು ಅರ್ಜಿಯನ್ನೇ ಕಳುಹಿಸುವುದಿಲ್ಲ. ಇಲ್ಲಿಗೆ ಲಿಂಕ್‌ಬಟನ್ನಿನ ದಾರಿ ನೆರವಿಗೆ ಬರುತ್ತದೆ. ಬಟನ್ನಿನ ಯೂಸ್‌ಸಬ್‌ಮಿಟ್‌ಬಿಹೇವಿಯರ್ ಗುಣವನ್ನು ಫಾಲ್ಸ್ ಮಾಡಿದರೆ ಅದೂ ತನ್ನ ಹೆಸರನ್ನು __ಈವೆಂಟ್‌ಟಾರ್ಗೆಟ್‌ನಲ್ಲಿ ಬರೆದು ಕಳುಹಿಸುತ್ತದೆ. ಆಗ ನಿಷ್ಕ್ರಿಯ ಮಾಡಿದರೂ ಕ್ಲಿಕ್ ತಲುಪುತ್ತದೆ. ಎರಡು ಎಚ್ಚರ ಬೇಕು. ವ್ಯಾಲಿಡೇಟರ್‌ಗಳಿದ್ದರೆ ಮೊದಲು ಪೇಜ್_ಕ್ಲೈಂಟ್‌ವ್ಯಾಲಿಡೇಟ್ ಕರೆದು, ಅದು ಒಪ್ಪಿದ ಮೇಲೆ ನಿಷ್ಕ್ರಿಯ ಮಾಡಿ. ಇಲ್ಲದಿದ್ದರೆ ಮೊತ್ತ ತಪ್ಪಾದಾಗ ಬಟನ್ ಸತ್ತೇ ಉಳಿಯುತ್ತದೆ. ಹಾಗೆಯೇ, 'ಖಚಿತವೇ?' ಎಂದು ಕೇಳುವ ಕನ್‌ಫರ್ಮ್ ಇದ್ದರೆ ಅದರ ಉತ್ತರವನ್ನು ನೇರವಾಗಿ ರಿಟರ್ನ್ ಮಾಡಬೇಡಿ. ಈ ಬಗೆಯ ಬಟನ್ನಿನಲ್ಲಿ ಕಳುಹಿಸುವ ಸಾಲು ಅದರ ನಂತರ ಇರುವುದರಿಂದ 'ಹೌದು' ಎಂದರೂ ಅಲ್ಲೇ ನಿಲ್ಲುತ್ತದೆ. 'ಇಲ್ಲ' ಎಂದಾಗ ಮಾತ್ರ ಫಾಲ್ಸ್ ಹಿಂದಿರುಗಿಸಿ.

ಇಷ್ಟು ಮಾಡಿಯೂ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಲಿಲ್ಲ. ಬ್ರೌಸರ್‌ನಲ್ಲಿ ಮಾಡಿದ್ದೆಲ್ಲ ಸೌಜನ್ಯ. ಕಾವಲು ಸರ್ವರ್‌ನಲ್ಲೇ ಇರಬೇಕು. ಪುಟ ಮೊದಲ ಸಲ ತೆರೆದಾಗ ಒಂದು ಹೊಸ ಗೈಡ್ (ಮತ್ತೆಲ್ಲೂ ಮರುಕಳಿಸದಂಥ ಉದ್ದನೆಯ ಗುರುತುಸಂಖ್ಯೆ) ಹುಟ್ಟಿಸಿ ವ್ಯೂಸ್ಟೇಟ್‌ನಲ್ಲಿ ಇಡುತ್ತೇನೆ, ಚಲನಿನ ಮೇಲಿನ ಕ್ರಮಸಂಖ್ಯೆಯ ಹಾಗೆ. ರಸೀದಿ ಕೋಷ್ಟಕದಲ್ಲಿ ಆ ಗೈಡ್‌ಗೆ ಒಂದು ಕಾಲಂ, ಅದರ ಮೇಲೆ ಯೂನಿಕ್ ನಿರ್ಬಂಧ, ಅಂದರೆ ಒಂದೇ ಗೈಡ್ ಎರಡು ಸಾಲಿನಲ್ಲಿ ಬರಬಾರದೆಂಬ ಕಟ್ಟಳೆ. ಒಂದೇ ಪುಟದಿಂದ ಹತ್ತು ಸಲ ಒತ್ತಿದರೂ ಗೈಡ್ ಒಂದೇ. ಮೊದಲನೆಯದು ಸೇರುತ್ತದೆ, ಎರಡನೆಯದಕ್ಕೆ ಎಸ್‌ಕ್ಯೂಎಲ್ ಸರ್ವರ್ 2627 ಸಂಖ್ಯೆಯ ದೋಷ ಎಸೆಯುತ್ತದೆ, ನಿರ್ಬಂಧದ ಬದಲು ಯೂನಿಕ್ ಇಂಡೆಕ್ಸ್ ಇಟ್ಟಿದ್ದರೆ 2601. ಅದನ್ನು ಹಿಡಿದು, ಬಳಕೆದಾರರಿಗೆ ಬೈಯದೆ, ಆಗಲೇ ಹುಟ್ಟಿದ ರಸೀದಿಯ ಪುಟಕ್ಕೆ ಕಳುಹಿಸಿ. ಅಳವಡಿಸಿದ ಮೊದಲ ವಾರವೇ ದಾಖಲೆಯಲ್ಲಿ ಒಂಬತ್ತು 2627 ಇದ್ದವು. ಕ್ಯಾಷಿಯರ್‌ಗೆ ನಾನು ಹೇಳಲಿಲ್ಲ.

ಒತ್ತದ ಬಟನ್ನೂ ಕೆಲಸ ಮಾಡುತ್ತದೆ ಎಂಬುದು ಇನ್ನೊಂದು ಪಾಠ. ಮೊತ್ತ ಹೊಡೆದು ಎಂಟರ್ ಒತ್ತಿದರೆ ತಂತ್ರಾಂಶದಿಂದ ಹೊರಗೆ ಹಾಕುತ್ತದೆ ಎಂದು ದೂರು ಬಂದಿತ್ತು. ಎಂಟರ್ ಒತ್ತಿದಾಗ ಬ್ರೌಸರ್ ಫಾರ್ಮಿನಲ್ಲಿ ಮೊದಲು ಸಿಗುವ ಸಬ್‌ಮಿಟ್ ಬಟನ್ನನ್ನು ಒತ್ತಿದಂತೆ ನಡೆದುಕೊಳ್ಳುತ್ತದೆ. ವೆಬ್ ಫಾರ್ಮ್ಸ್‌ನಲ್ಲಿ ಇಡೀ ಪುಟವೇ ಒಂದು ಫಾರ್ಮ್, ಮತ್ತು ನಮ್ಮ ಪುಟದ ನೆತ್ತಿಯಲ್ಲಿದ್ದ ಮೊದಲ ಬಟನ್ 'ನಿರ್ಗಮಿಸಿ'. ಜಮಾ ಭಾಗವನ್ನು ಒಂದು ಪ್ಯಾನೆಲ್ ಒಳಗೆ ಇಟ್ಟು ಅದರ ಡಿಫಾಲ್ಟ್‌ಬಟನ್ 'ಜಮಾ' ಎಂದೆ, ನಿರ್ಗಮಿಸಿ ಎಂಬುದನ್ನು ಲಿಂಕ್‌ಬಟನ್ ಮಾಡಿದೆ.

ಪಟ್ಟಿಯ ಪ್ರತಿ ಸಾಲಿನಲ್ಲಿ ಬಟನ್ ಬೇಕಾದರೆ ಒಂದೊಂದಕ್ಕೆ ಒಂದೊಂದು ಮೆಥಡ್ ಬರೆಯುವ ಹುಚ್ಚಿಗೆ ಹೋಗಬೇಡಿ. ಗ್ರಿಡ್‌ವ್ಯೂನಲ್ಲಿ ಬಟನ್ನಿಗೆ ಕಮಾಂಡ್‌ನೇಮ್ 'ರದ್ದು', ಕಮಾಂಡ್‌ಆರ್ಗ್ಯುಮೆಂಟ್ ಆ ಸಾಲಿನ ರಸೀದಿ ಸಂಖ್ಯೆ ಎಂದು ಕೊಟ್ಟು, ಎಲ್ಲವನ್ನೂ ಒಂದೇ ರೋಕಮಾಂಡ್ ಈವೆಂಟ್‌ನಲ್ಲಿ ಹಿಡಿಯಿರಿ. ಕೋಡಿನಿಂದಲೇ ಹುಟ್ಟಿಸಿದ ಬಟನ್ ಆದರೆ ಪ್ರತಿ ಸಲವೂ ಅದೇ ಐಡಿಯೊಂದಿಗೆ ಇನಿಟ್ ಹಂತದಲ್ಲಿ ಮತ್ತೆ ಹುಟ್ಟಿಸಬೇಕು. ಅರ್ಜಿಯಲ್ಲಿ ಹೆಸರು ಬಂದರೂ ಆ ಹೆಸರಿನ ಬಟನ್ ಪುಟದಲ್ಲಿ ಇಲ್ಲದಿದ್ದರೆ ಸರ್ವರ್ ಯಾರನ್ನು ಕರೆಯಬೇಕು?

ರದ್ದು ಎಂದಾಗ ಹಕ್ಕಿನ ಮಾತು ಬರುತ್ತದೆ. ರಸೀದಿ ರದ್ದು ಮಾಡುವ ಅಧಿಕಾರ ವ್ಯವಸ್ಥಾಪಕರಿಗೆ ಮಾತ್ರ. ಉಳಿದವರಿಗೆ ಬಟನ್ನನ್ನು ಸಿಎಸ್‌ಎಸ್‌ನಿಂದ ಮರೆಮಾಡಿದರೆ ಎಫ್12 ಗೊತ್ತಿರುವ ಯಾವ ಹುಡುಗನೂ ಅದನ್ನು ಮತ್ತೆ ಹೊರಗೆ ತಂದು ಒತ್ತಬಲ್ಲ. ಅಡಗಿದ ಕ್ಷೇತ್ರದ ಖಾತೆ ಸಂಖ್ಯೆಯನ್ನೂ ತಿದ್ದಬಲ್ಲ. ವಿಸಿಬಲ್ ಗುಣವನ್ನು ಸರ್ವರ್‌ನಲ್ಲೇ ಫಾಲ್ಸ್ ಮಾಡಿ. ಅಷ್ಟಕ್ಕೇ ಬಿಡದೆ, ಮೆಥಡ್ಡಿನ ಒಳಗೆ 'ಇವರಿಗೆ ಈ ಅಧಿಕಾರ ಇದೆಯೇ' ಎಂದು ಇನ್ನೊಮ್ಮೆ ಕೇಳಿ.

ವೆಬ್ ಫಾರ್ಮ್ಸ್ ಇರುವುದು ಡಾಟ್ ನೆಟ್ ಫ್ರೇಮ್‌ವರ್ಕ್‌ನಲ್ಲಿ ಮಾತ್ರ, ಎಎಸ್‌ಪಿ ಡಾಟ್ ನೆಟ್ ಕೋರ್‌ಗೆ ಅದು ಬರಲಿಲ್ಲ. ಹೊಸ ಪುಟಗಳನ್ನು ನಾನು ರೇಜರ್ ಪೇಜಸ್‌ನಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಬಟನ್ನಿನ ಪೇಜ್ ಹ್ಯಾಂಡ್ಲರ್ 'ಸೇವ್' ಎಂದಿಟ್ಟರೆ 'ಆನ್‌ಪೋಸ್ಟ್‌ಸೇವ್' ಎಂಬ ಮೆಥಡ್ ಓಡುತ್ತದೆ. ವ್ಯೂಸ್ಟೇಟ್ ಚೀಟಿ ಇಲ್ಲ, ಜೀವನಚಕ್ರದ ಗೋಜಲಿಲ್ಲ. ಅರ್ಜಿ ಅರ್ಜಿಯಂತೆಯೇ ಕಾಣುತ್ತದೆ. ಗೈಡ್ ಮತ್ತು ಯೂನಿಕ್ ನಿರ್ಬಂಧ ಅಲ್ಲಿಗೂ ಹಾಗೆಯೇ ಬಂದವು.

'ಬಟನ್ ಕೆಲಸ ಮಾಡುತ್ತಿಲ್ಲ' ಎಂಬ ಫೋನ್ ಈಗಲೂ ಬರುತ್ತದೆ. ನಾನು ಮೊದಲು ಕೇಳುವುದು ಒಂದೇ: ಒತ್ತಿದಾಗ ಪುಟ ಒಮ್ಮೆ ಮಿಟುಕಿತೇ? ಮಿಟುಕಲಿಲ್ಲ ಎಂದರೆ ಅರ್ಜಿ ಹೊರಟೇ ಇಲ್ಲ; ಬ್ರೌಸರ್‌ನಲ್ಲಿ ವ್ಯಾಲಿಡೇಟರ್ ತಡೆದಿದೆ ಅಥವಾ ಜಾವಾಸ್ಕ್ರಿಪ್ಟ್ ಮುಗ್ಗರಿಸಿದೆ. ಅಪ್‌ಡೇಟ್‌ಪ್ಯಾನೆಲ್ (ಪುಟದ ಒಂದು ಭಾಗವನ್ನಷ್ಟೇ ಹೊಸದು ಮಾಡುವ ಸಾಧನ) ಇರುವ ಪುಟ ಮಿಟುಕುವುದಿಲ್ಲ, ಅಲ್ಲಿ ಎಫ್12 ನೋಡಲೇಬೇಕು. ಮಿಟುಕಿತು, ಆದರೆ ರಸೀದಿ ಇಲ್ಲ ಎಂದರೆ ನನ್ನ ಯಂತ್ರದಲ್ಲಿ ವಿಷುಯಲ್ ಸ್ಟುಡಿಯೋ ತೆರೆದು 'ಜಮಾ_ಕ್ಲಿಕ್'ನ ಮೊದಲ ಸಾಲಿನ ಎಡಕ್ಕೆ ಕೆಂಪು ಚುಕ್ಕೆ ಇಡುತ್ತೇನೆ. ಓಟ ಅಲ್ಲಿಗೆ ಬಂದು ನಿಂತರೆ ತಪ್ಪು ಮೆಥಡ್ಡಿನ ಒಳಗಿದೆ. ನಿಲ್ಲದಿದ್ದರೆ ಆನ್‌ಕ್ಲಿಕ್‌ನಲ್ಲಿ ಹೆಸರು ಬಿಟ್ಟುಹೋಗಿರುತ್ತದೆ, ಇಲ್ಲವೇ, ಪಟ್ಟಿಯೊಳಗಿನ ಬಟನ್ ಆದರೆ, ಪೇಜ್_ಲೋಡ್‌ನಲ್ಲಿ ಯಾರೋ ಈಸ್‌ಪೋಸ್ಟ್‌ಬ್ಯಾಕ್ ಮರೆತು ಪಟ್ಟಿಯನ್ನು ಮತ್ತೆ ಕಟ್ಟಿರುತ್ತಾರೆ. ಆ ಕಡತದಲ್ಲಿ ಕೆಲಸ ಮಾಡುವವಳು ನಾನೊಬ್ಬಳೇ, ಆದ್ದರಿಂದ ಆ 'ಯಾರೋ' ಯಾರು ಎಂದು ಹುಡುಕುವ ಕಷ್ಟ ಇಲ್ಲ.